ಮುಂಬಯಿ ಮನೆ ತೆರಿಗೆ: ಪಾಲಿಕೆ ನಿಮ್ಮ ಮನೆಗೆ ಬೆಲೆ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ಸ್ವಂತ ಮನೆ ಮಾಡಿಕೊಂಡ ನಮ್ಮವರು ಲೋನ್ ಲೆಕ್ಕ, ಮೇಂಟೆನೆನ್ಸ್ ಲೆಕ್ಕ ಎಲ್ಲವನ್ನೂ ರೂಪಾಯಿ ಬಿಡದೆ ನೋಡುತ್ತಾರೆ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು ಬಂದಾಗ ಮಾತ್ರ ಕೊನೆಯ ಸಾಲು ನೋಡಿ ಹಣ ಕಟ್ಟಿ ಮುಗಿಸುತ್ತಾರೆ. ಸೊಸೈಟಿಯ ಖಜಾಂಚಿ ಕೆಲಸ ನೋಡಿಕೊಂಡ ಮೇಲೆ ನನಗೆ ಇದು ತುಂಬಾ ಬೇಸರದ ಸಂಗತಿ ಅನ್ನಿಸಿದೆ. ಆ ಮೊತ್ತ ಯಾರೋ ಅಧಿಕಾರಿ ಅಂದಾಜಿನಲ್ಲಿ ಬರೆದದ್ದಲ್ಲ. ಐದಾರು ಅಂಕಿಗಳನ್ನು ಗುಣಿಸಿದರೆ ಬರುವ ಲೆಕ್ಕ ಅದು. ಆ ಅಂಕಿಗಳಲ್ಲಿ ಒಂದು ತಪ್ಪಿದ್ದರೂ ನೀವು ವರ್ಷಗಟ್ಟಲೆ ಜಾಸ್ತಿ ಕಟ್ಟುತ್ತೀರಿ. ಸಂಘದಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮ ಮನೆಗೆ ಬೆಲೆ ಕಟ್ಟುವವರು ಯಾರು?

ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಕರನಿರ್ಧಾರಣ ವ ಸಂಕಲನ ಖಾತೆ. ಅದರ ಮುಖ್ಯಸ್ಥರನ್ನು ಅಸೆಸರ್ ಅಂಡ್ ಕಲೆಕ್ಟರ್ ಅನ್ನುತ್ತಾರೆ. ಪ್ರತಿ ವಾರ್ಡ್ ಕಚೇರಿಯಲ್ಲೂ ಈ ಖಾತೆಯ ಸಿಬ್ಬಂದಿ ಇರುತ್ತಾರೆ. ನೀವು ಮಾಟುಂಗದವರಾದರೆ ಎಫ್ ಉತ್ತರ, ಅಂಧೇರಿ ಪಶ್ಚಿಮದವರಾದರೆ ಕೆ ಪಶ್ಚಿಮ, ಮುಲುಂಡಿನವರಾದರೆ ಟಿ ವಾರ್ಡ್. ಅವರಿಗೆ ಈ ಅಧಿಕಾರ ಕೊಡುವುದು 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆ.

ಇಲ್ಲಿ ಎರಡು ಕಚೇರಿಗಳ ಕೈ ಇದೆ ಎನ್ನುವುದು ಗೊತ್ತಿರಲಿ. ನಿಮ್ಮ ಪ್ರದೇಶದಲ್ಲಿ ಚದರ ಮೀಟರಿಗೆ ಎಷ್ಟು ದರ ಎಂದು ಹೇಳುವುದು ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಆ ದರವನ್ನು ನಿಮ್ಮ ಮನೆಗೆ ಅನ್ವಯಿಸಿ ತೆರಿಗೆ ಲೆಕ್ಕ ಹಾಕುವುದು ಪಾಲಿಕೆ. ದರದ ಬಗ್ಗೆ ತಕರಾರಿದ್ದರೆ ವಾರ್ಡ್ ಕಚೇರಿಯ ಗುಮಾಸ್ತರ ಜೊತೆ ಜಗಳವಾಡಿ ಉಪಯೋಗವಿಲ್ಲ. ನಿಮ್ಮ ಮನೆಯ ವಿವರ ತಪ್ಪಾಗಿದ್ದರೆ ಮಾತ್ರ ಅಲ್ಲಿಗೇ ಹೋಗಬೇಕು.

ಲೆಕ್ಕ ಹಾಕುವ ರೀತಿ ಹೇಗೆ? ಸರಳವಾಗಿ ಹೇಳಿ.

ಮುಂಬಯಿ ನಗರದಲ್ಲಿ 2010ರ ಏಪ್ರಿಲ್ 1ರಿಂದ ಕ್ಯಾಪಿಟಲ್ ವ್ಯಾಲ್ಯೂ ಪದ್ಧತಿ ಇದೆ. ಬಿಲ್ಲಿನಲ್ಲಿ ಮರಾಠಿಯಲ್ಲಿ 'ಭಾಂಡವಲಿ ಮೂಲ್ಯ' ಎಂದು ಕಾಣುವುದು ಇದೇ. ಮೊದಲು ನಿಮ್ಮ ಮನೆಯ ಬಂಡವಾಳ ಮೌಲ್ಯ ಎಷ್ಟು ಎಂದು ಕಂಡುಹಿಡಿಯುತ್ತಾರೆ. ಆಮೇಲೆ ಅದರ ಮೇಲೆ ಸಣ್ಣದೊಂದು ಶೇಕಡಾ ದರ ಹಾಕುತ್ತಾರೆ.

ಬಂಡವಾಳ ಮೌಲ್ಯಕ್ಕೆ ಬೇಕಾದ ಅಂಕಿಗಳು ಇವು. ರೆಡಿ ರೆಕನರ್‌ನಲ್ಲಿರುವ ನಿಮ್ಮ ಪ್ರದೇಶದ ದರ (ರೆಡಿ ರೆಕನರ್ ಅಂದರೆ ಮೇಲೆ ಹೇಳಿದ ರಾಜ್ಯ ಇಲಾಖೆಯ ದರಪಟ್ಟಿ). ನಿಮ್ಮ ಮನೆಯ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗಿನ ನೆಲದ ಅಳತೆ. ವಾಸಕ್ಕೋ, ಅಂಗಡಿಗೋ, ಹೋಟೆಲಿಗೋ ಎನ್ನುವ ಬಳಕೆ. ಕಟ್ಟಡ ಆರ್‌ಸಿಸಿಯೋ, ಬೇರೆ ಬಗೆಯದೋ ಎನ್ನುವುದು. ಕಟ್ಟಡದ ವಯಸ್ಸು. ಎಷ್ಟನೇ ಮಹಡಿ. ದರ ಮತ್ತು ಏರಿಯಾ ಬಿಟ್ಟು ಉಳಿದ ಪ್ರತಿಯೊಂದಕ್ಕೂ ಒಂದು ಗುಣಕ ಇದೆ. ಕಟ್ಟಡ ಹಳೆಯದಾದಷ್ಟೂ ಗುಣಕ ಇಳಿಯುತ್ತದೆ. ಎತ್ತರದ ಮಹಡಿಗೆ ಏರುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಈ ಅಂಕಿಗಳೆಲ್ಲ ಲೆಕ್ಕ ಅರ್ಥವಾಗಲಿ ಎಂದು ನಾನೇ ಹಿಡಿದವು, ನಿಮ್ಮ ಬಿಲ್ಲಿನವು ಬೇರೆ ಇರುತ್ತವೆ. ದರ ಚದರ ಮೀಟರಿಗೆ 1,00,000 ರೂಪಾಯಿ. ಮನೆ 60 ಚದರ ಮೀಟರ್, ಅಂದರೆ ಸುಮಾರು 646 ಚದರ ಅಡಿ. ವಯಸ್ಸಿನ ಗುಣಕ 0.9. ಉಳಿದ ಗುಣಕಗಳೆಲ್ಲ 1. ಗುಣಿಸಿದರೆ ಬಂಡವಾಳ ಮೌಲ್ಯ 54 ಲಕ್ಷ. ತೆರಿಗೆ ದರ ಒಟ್ಟು ಶೇ 0.4 ಎಂದಿಟ್ಟುಕೊಂಡರೆ ವರ್ಷಕ್ಕೆ 21,600 ರೂಪಾಯಿ.

ಈಗ ಅದೇ ಮನೆಯ ಏರಿಯಾವನ್ನು ದಾಖಲೆಯಲ್ಲಿ 60ರ ಬದಲು 68 ಎಂದು ಬರೆದಿದ್ದಾರೆ ಎಂದುಕೊಳ್ಳಿ. ಮೌಲ್ಯ 61.2 ಲಕ್ಷವಾಗುತ್ತದೆ, ತೆರಿಗೆ 24,480 ಆಗುತ್ತದೆ. ವರ್ಷಕ್ಕೆ 2,880 ರೂಪಾಯಿ ಸುಮ್ನೆ ಹೋಯಿತು. ಹತ್ತು ವರ್ಷ ಯಾರೂ ನೋಡದಿದ್ದರೆ? ಇದಕ್ಕೇ ನಾನು ಎಲ್ಲರಿಗೂ ಮೊದಲು ಏರಿಯಾ ನೋಡಿ ಅನ್ನುವುದು.

ರೆಡಿ ರೆಕನರ್ ಅಂದರೆ ಮಾರ್ಕೆಟ್ ರೇಟಾ?

ಮಾರ್ಕೆಟ್ ರೇಟಿಗೆ ಹತ್ತಿರ ಇರಲಿ ಎಂದು ಮಾಡುವ ಸರ್ಕಾರಿ ಪಟ್ಟಿ. ಕರ್ನಾಟಕದಲ್ಲಿ ಮಾರ್ಗಸೂಚಿ ದರ ಎನ್ನುತ್ತೇವಲ್ಲ, ಅದೇ ಕೆಲಸ ಇದರದ್ದು. ಮನೆ ಖರೀದಿಸುವಾಗ ಸ್ಟ್ಯಾಂಪ್ ಡ್ಯೂಟಿಗೆ ಇದನ್ನೇ ನೋಡುತ್ತಾರೆ. ಊರನ್ನು ವಲಯ, ಉಪವಲಯಗಳಾಗಿ ಹಂಚಿ, ಖಾಲಿ ಜಾಗಕ್ಕೆ ಒಂದು, ವಾಸದ ಮನೆಗೆ ಒಂದು, ಆಫೀಸಿಗೆ ಒಂದು, ಅಂಗಡಿಗೆ ಒಂದು ದರ ಬರೆದಿರುತ್ತಾರೆ. ನಿಮ್ಮ ಜಾಗದ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಗೊತ್ತಿದ್ದರೆ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ರಸ್ತೆ ದಾಟಿದರೆ ಉಪವಲಯವೇ ಬದಲಾಗುವ ಜಾಗಗಳಿವೆ. ನಿಮ್ಮ ಕಟ್ಟಡವನ್ನು ಪಕ್ಕದ ದುಬಾರಿ ಉಪವಲಯಕ್ಕೆ ಸೇರಿಸಿಬಿಟ್ಟಿದ್ದಾರಾ ಎಂದು ನೋಡುವುದು ಸೊಸೈಟಿ ಕಮಿಟಿಯ ಕೆಲಸ.

ಹಾಗಾದರೆ ರೆಡಿ ರೆಕನರ್ ಏರಿದಾಗಲೆಲ್ಲ ತೆರಿಗೆಯೂ ಏರುತ್ತಾ?

ಇಲ್ಲ. ಬಂಡವಾಳ ಮೌಲ್ಯವನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕಾನೂನು ಹೇಳುತ್ತದೆ. 2010ರಲ್ಲಿ ಮೊದಲ ಸಲ ಲೆಕ್ಕ ಹಾಕಿದರು. 2015ರಲ್ಲಿ ಎರಡನೇ ಸಲ. 2020ರಲ್ಲಿ ಬರಬೇಕಿದ್ದ ಪರಿಷ್ಕರಣೆ ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು, ಮತ್ತೆ ಮತ್ತೆ ಹೋಯಿತು.

ಏರಿಕೆಗೆ ಮಿತಿಯೂ ಇದೆ. ಹಳೆಯ ಪದ್ಧತಿಯಿಂದ ಹೊಸದಕ್ಕೆ ಬದಲಾದಾಗ ವಾಸದ ಮನೆಯ ತೆರಿಗೆ ಹಿಂದಿನ ತೆರಿಗೆಯ ಎರಡು ಪಟ್ಟು, ವಾಸೇತರ ಕಟ್ಟಡದ್ದು ಮೂರು ಪಟ್ಟು ದಾಟುವಂತಿರಲಿಲ್ಲ. ಆಮೇಲಿನ ಪರಿಷ್ಕರಣೆಯಲ್ಲಿ ಶೇ 40ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ನಿಮ್ಮ ಬಿಲ್ಲು ಒಮ್ಮೆಲೇ ಇದಕ್ಕಿಂತ ಜಿಗಿದಿದ್ದರೆ ಕಾರಣ ಬೇರೆ ಎಲ್ಲೋ ಇದೆ ಎಂದು ತಿಳಿಯಿರಿ. ಏರಿಯಾ ಬದಲಾಗಿರಬಹುದು, ಬಳಕೆ ಬದಲಾಗಿರಬಹುದು, ಹಳೆಯ ಬಾಕಿ ಸೇರಿರಬಹುದು.

ಮೊದಲು ಬೇರೆ ಪದ್ಧತಿ ಇತ್ತು ಅನ್ನುತ್ತಾರೆ. ಬದಲಾಯಿಸಿದ್ದು ಯಾಕೆ?

ಮೊದಲು ಇದ್ದದ್ದು ರೇಟಬಲ್ ವ್ಯಾಲ್ಯೂ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರುತ್ತದೆ ಎಂದು ಅಂದಾಜು ಮಾಡಿ, ರಿಪೇರಿಗೆಂದು ಶೇ 10 ಕಳೆದು, ಉಳಿದದ್ದರ ಮೇಲೆ ತೆರಿಗೆ ಹಾಕುತ್ತಿದ್ದರು.

ಮಾತು ಸರಿಯಾಗೇ ಇದೆ ಅಲ್ವಾ? ತೊಂದರೆ ಬಂದದ್ದು ಬಾಡಿಗೆ ಕಾನೂನಿನಿಂದ. 1947ರ ಮುಂಬಯಿ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತ್ತು. 1979ರ ಡಿಸೆಂಬರಿನಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತೆರಿಗೆಗಾಗಿ ಹಿಡಿಯುವ ಬಾಡಿಗೆ ಕಾನೂನು ಒಪ್ಪುವ ಸ್ಟ್ಯಾಂಡರ್ಡ್ ಬಾಡಿಗೆಯನ್ನು ಮೀರುವಂತಿಲ್ಲ ಎಂದಿತು. ಫಲ ಏನಾಯಿತು? ಕೊಲಾಬಾದ ದೊಡ್ಡ ಹಳೆಯ ಫ್ಲ್ಯಾಟಿಗೆ ಪುಡಿಗಾಸು ತೆರಿಗೆ. ಬೊರಿವಲಿಯಲ್ಲಿ ಸಾಲ ಮಾಡಿ ಕೊಂಡ ಹೊಸ ಒಂದು ಬೆಡ್‌ರೂಮಿಗೆ ಅದಕ್ಕಿಂತ ಭಾರವಾದ ತೆರಿಗೆ. ಒಂದೇ ಕಟ್ಟಡದಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಒಂದು ಲೆಕ್ಕ, ಮಾಲೀಕರೇ ಇದ್ದ ಮನೆಗೆ ಇನ್ನೊಂದು.

ಹೊಸ ಪದ್ಧತಿ ಈ ಅನ್ಯಾಯವನ್ನು ಬಹಳ ಮಟ್ಟಿಗೆ ಸರಿಪಡಿಸಿದೆ ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಒಂದು ಕೊರತೆ ಇದೆ. ದಾದರಿನಲ್ಲಿ ಐವತ್ತು ವರ್ಷದಿಂದ ಇರುವ, ಪೆನ್ಷನ್ನಿನಲ್ಲಿ ಬದುಕುವ ಹಿರಿಯರ ಮನೆಗೆ ಬೆಲೆ ಏರಿದೆ. ಅವರ ಆದಾಯ ಏರಿಲ್ಲ. ಮಾರುವವರೆಗೂ ಆ ಬೆಲೆ ಅವರ ಕೈಗೆ ಬರುವುದೂ ಇಲ್ಲ. ಏರಿಕೆಗೆ ಮಿತಿ ಇರುವುದು, ಸಣ್ಣ ಮನೆಗೆ ವಿನಾಯಿತಿ ಇರುವುದು ಇಂಥವರಿಗೆ ನಿಜವಾಗಿ ಬೇಕಾದ ಆಸರೆ.

ಪಾಲಿಕೆಗೂ ಈ ಹಣ ಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮುಂಬಯಿಯ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ನಿಂತುಹೋಯಿತು. ಅಲ್ಲಿಯವರೆಗೆ ಪಾಲಿಕೆಯ ದೊಡ್ಡ ಆದಾಯ ಅದೇ ಆಗಿತ್ತು. ಈಗ ರಾಜ್ಯ ಕೊಡುವ ಪರಿಹಾರ ಬಿಟ್ಟರೆ, ತಾನೇ ವಸೂಲಿ ಮಾಡುವ ಹಣದಲ್ಲಿ ಪ್ರಾಪರ್ಟಿ ಟ್ಯಾಕ್ಸ್ ತುಂಬಾ ಮುಖ್ಯ.

500 ಚದರ ಅಡಿ ಮನೆಗೆ ತೆರಿಗೆ ಇಲ್ಲ ಅನ್ನುವುದು ನಿಜವಾ?

ನಿಜ. 2022ರ ಜನವರಿ 1ರಿಂದ ಮುಂಬಯಿ ಪಾಲಿಕೆಯ ಗಡಿಯೊಳಗೆ 500 ಚದರ ಅಡಿವರೆಗಿನ ವಾಸದ ಮನೆಗಳಿಗೆ ಪ್ರಾಪರ್ಟಿ ಟ್ಯಾಕ್ಸ್ ಪೂರ್ತಿ ಮನ್ನಾ. 500 ಚದರ ಅಡಿ ಅಂದರೆ 46.45 ಚದರ ಮೀಟರ್, ಕಾರ್ಪೆಟ್ ಏರಿಯಾ ಲೆಕ್ಕದಲ್ಲಿ. ಸುಮಾರು 16 ಲಕ್ಷ ಮನೆಗಳಿಗೆ ಇದರ ಲಾಭ ಎಂದು ಆಗ ಹೇಳಿದ್ದರು. 2019ರಲ್ಲೇ ಒಂದು ವಿನಾಯಿತಿ ಬಂದಿತ್ತು, ಆದರೆ ಅದು ಬಿಲ್ಲಿನ ಸರ್ವಸಾಧಾರಣ ಕರ ಎನ್ನುವ ಒಂದೇ ಸಾಲಿಗೆ. ಅದಕ್ಕೇ ಆಗ ಬಹಳ ಜನ 'ಮನ್ನಾ ಅಂದರು, ಬಿಲ್ಲು ಮಾತ್ರ ಬಂತು' ಎಂದು ಗೊಣಗಿದ್ದು.

ನೆನಪಿಡಬೇಕಾದ ಸಂಗತಿಗಳಿವೆ. ವಿನಾಯಿತಿ ವಾಸದ ಮನೆಗೆ ಮಾತ್ರ. 300 ಚದರ ಅಡಿಯ ಅಂಗಡಿಗೆ ಇಲ್ಲ. ಮನೆ 520 ಚದರ ಅಡಿ ಇದ್ದರೆ ಮೇಲಿನ 20 ಅಡಿಗೆ ಮಾತ್ರ ತೆರಿಗೆ ಎಂದುಕೊಳ್ಳಬೇಡಿ, ಪೂರ್ತಿ 520ಕ್ಕೆ ಬೀಳುತ್ತದೆ. ಗಡಿಯ ಹತ್ತಿರ ಇರುವವರಿಗೆ, ಅಂದರೆ 490ರಿಂದ 520ರವರೆಗೆ ಇರುವ ಮನೆಯವರಿಗೆ, ಅಳತೆ ಅಂದರೆ ಪೂರ್ತಿ ತೆರಿಗೆ ಅಥವಾ ಸೊನ್ನೆ. ಅವರು ಅಳತೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನಮ್ಮ ಅಗ್ರಿಮೆಂಟಿನಲ್ಲಿ ಒಂದು ಏರಿಯಾ, ಪಾಲಿಕೆಯಲ್ಲಿ ಇನ್ನೊಂದು. ಯಾವುದು ಸರಿ?

ಮುಂಬಯಿಯ ಹಳೆಯ ಅಗ್ರಿಮೆಂಟುಗಳಲ್ಲಿ ಬಿಲ್ಟಪ್ ಏರಿಯಾ ಬರೆಯುವ ರೂಢಿ ಇತ್ತು. ಬಿಲ್ಡರ್ ಬ್ರೋಷರಿನಲ್ಲಿ ಸೂಪರ್ ಬಿಲ್ಟಪ್ ಇರುತ್ತಿತ್ತು. ಅದರಲ್ಲಿ ಮೆಟ್ಟಿಲು, ಲಾಬಿ ಎಲ್ಲ ಸೇರಿರುತ್ತದೆ. ಪಾಲಿಕೆಗೆ ಬೇಕಿರುವುದು ಕಾರ್ಪೆಟ್. ಯಾರೋ ಬಿಲ್ಟಪ್ ಅಂಕಿಯನ್ನೇ ಕಾರ್ಪೆಟ್ ಎಂದು ದಾಖಲಿಸಿದ್ದರೆ ನಿಮ್ಮ ಮನೆ ಕಾಗದದ ಮೇಲೆ ದೊಡ್ಡದಾಗಿರುತ್ತದೆ.

ಸರಿಪಡಿಸಲು ದಾರಿ ಇದೆ. ಪಾಲಿಕೆ ಮಂಜೂರು ಮಾಡಿದ ಪ್ಲಾನ್ ಪ್ರತಿ ಸೊಸೈಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಪಾಲಿಕೆಯಿಂದ ನಕಲು ಪಡೆಯಬಹುದು, ಮಾಹಿತಿ ಹಕ್ಕಿನ ಅರ್ಜಿಯಿಂದಲೂ ಸಿಗುತ್ತದೆ. ಅದರ ಜೊತೆ ಒಬ್ಬ ಆರ್ಕಿಟೆಕ್ಟ್ ಕೈಲಿ ಮನೆ ಅಳೆಸಿ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಎರಡನ್ನೂ ಇಟ್ಟು ವಾರ್ಡ್ ಕಚೇರಿಗೆ ಅರ್ಜಿ ಕೊಡಿ. ಅವರು ಬಂದು ಅಳೆಯುತ್ತೇವೆ ಅಂದರೆ ಬರಲಿ ಬಿಡಿ. ಮನೆಯನ್ನು ನೋಡುವ, ವಿವರ ಕೇಳುವ ಅಧಿಕಾರ ಕಾಯ್ದೆಯಲ್ಲೇ ಇದೆ. ಬಂದವರ ಗುರುತಿನ ಚೀಟಿ ಕೇಳಿ, ಬರೆದುಕೊಂಡ ಅಳತೆಯ ಪ್ರತಿಯನ್ನೂ ಕೇಳಿ.

ಬಾಲ್ಕನಿ ಸೇರಿಸಿಕೊಂಡಿದ್ದರೆ, ಪ್ಲಾನಿನಲ್ಲಿಲ್ಲದ ಕೋಣೆ ಕಟ್ಟಿದ್ದರೆ, ಈ ಅಳತೆಯಲ್ಲಿ ಅದೂ ಹೊರಬರುತ್ತದೆ. ಅನಧಿಕೃತ ಕಟ್ಟಡಕ್ಕೆ ತೆರಿಗೆಯ ಎರಡು ಪಟ್ಟು ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ದಂಡ ಕಟ್ಟಿದೆ ಎಂದ ಮಾತ್ರಕ್ಕೆ ಆ ಕಟ್ಟಡ ಸಕ್ರಮವಾಗುವುದಿಲ್ಲ.

ನಮ್ಮ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ತೆರಿಗೆ ಏನಾಗುತ್ತದೆ?

ಚೆಂಬೂರು, ಘಾಟ್‌ಕೋಪರ್, ಮುಲುಂಡ್, ಗೋರೆಗಾಂವ್ ಎಲ್ಲ ಕಡೆ ಈಗ ಇದೇ ಮಾತು. ನಮ್ಮವರು ಹೊಸ ಮನೆಯಲ್ಲಿ ಎಷ್ಟು ಅಡಿ ಜಾಸ್ತಿ ಸಿಗುತ್ತದೆ ಎಂದು ಕೇಳುತ್ತಾರೆ. ಆ ಜಾಸ್ತಿ ಅಡಿಗೆ ಪ್ರತಿ ವರ್ಷ ಎಷ್ಟು ಕಟ್ಟಬೇಕು ಎಂದು ಕೇಳುವವರು ಕಡಿಮೆ.

ನಿಮ್ಮ ಹಳೆಯ ಮನೆ 430 ಚದರ ಅಡಿ ಇತ್ತು ಎಂದುಕೊಳ್ಳಿ. ಈಗ ತೆರಿಗೆ ಸೊನ್ನೆ. ಹೊಸ ಮನೆ 560 ಚದರ ಅಡಿ ಆದರೆ ವಿನಾಯಿತಿ ಹೋಯಿತು. ಕಟ್ಟಡ ಹೊಸದು, ಹಾಗಾಗಿ ವಯಸ್ಸಿನ ಗುಣಕದ ಲಾಭವೂ ಹೋಯಿತು. ಎರಡನೇ ಮಹಡಿಯಲ್ಲಿದ್ದವರು ಹದಿನಾಲ್ಕಕ್ಕೆ ಏರಿದರೆ ಮಹಡಿ ಗುಣಕವೂ ಸೇರಿತು. ಮೇಂಟೆನೆನ್ಸ್ ಬೇರೆ. ಇದರಿಂದ ರಿಡೆವಲಪ್‌ಮೆಂಟ್ ಬೇಡ ಅನ್ನುತ್ತಿಲ್ಲ. ಸೋರುವ ಕಟ್ಟಡದಲ್ಲಿ ಇರುವುದಕ್ಕಿಂತ ಅದು ಮೇಲು. ಆದರೆ ಪೆನ್ಷನ್ ಮೇಲೆ ಇರುವವರು ಸಹಿ ಹಾಕುವ ಮೊದಲು ತಿಂಗಳ ಖರ್ಚನ್ನು ಒಮ್ಮೆ ಕೂಡಿ ನೋಡಲಿ.

ಕಟ್ಟಡ ಕೆಡವಿ ಹೊಸದು ಏಳುವವರೆಗೆ ಆ ಜಾಗಕ್ಕೂ ತೆರಿಗೆ ಇದೆ. ಅದನ್ನು ಯಾರು ಕಟ್ಟಬೇಕು ಎಂದು ಡೆವಲಪರ್ ಜೊತೆಗಿನ ಅಗ್ರಿಮೆಂಟಿನಲ್ಲಿ ಸ್ಪಷ್ಟವಾಗಿ ಬರೆಸಿ. ಹಳೆಯ ಬಾಕಿ ಸೊಸೈಟಿಯದ್ದು, ಕೆಡವಿದ ದಿನದಿಂದ ಓಸಿ (ಹೊಸ ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಪತ್ರ) ಬರುವವರೆಗಿನದು ಡೆವಲಪರ್‌ದ್ದು ಎಂದು ಬರೆದರೆ ಮುಂದೆ ಜಗಳ ಇರುವುದಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ಪಾಲಿಕೆ ಸೋತಿತು ಅಂತ ಕೇಳಿದೆವು. ಏನದು?

ಪಾಲಿಕೆ 2010ರಲ್ಲಿ, ಮತ್ತೆ 2015ರಲ್ಲಿ ಬಂಡವಾಳ ಮೌಲ್ಯ ಲೆಕ್ಕ ಹಾಕಲು ನಿಯಮಗಳನ್ನು ಮಾಡಿತು. ಅದರಲ್ಲಿ 20, 21 ಮತ್ತು 22ನೇ ನಿಯಮಗಳ ಬಗ್ಗೆ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. ತಕರಾರಿನ ತಿರುಳು ಇಷ್ಟು. ಈ ಜಾಗದಲ್ಲಿ ಮುಂದೆ ಇನ್ನೂ ಎಷ್ಟು ಕಟ್ಟಬಹುದು ಎಂಬ ಎಫ್‌ಎಸ್‌ಐ ಲೆಕ್ಕವನ್ನೂ ಸೇರಿಸಿ ಈಗಲೇ ಬೆಲೆ ಕಟ್ಟುವುದು ಸರಿಯಾ? ನಿಯಮ ಆಮೇಲೆ ಮಾಡಿ, ಹಿಂದಿನ ದಿನಾಂಕದಿಂದ ತೆರಿಗೆ ಹಾಕಬಹುದಾ?

2014ರಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಅರ್ಜಿದಾರರು ಹಳೆಯ ತೆರಿಗೆಯ ಜೊತೆ ವ್ಯತ್ಯಾಸದ ಅರ್ಧ ಕಟ್ಟುತ್ತಿರಲಿ ಎಂದಿತು. 2019ರ ಏಪ್ರಿಲ್‌ನಲ್ಲಿ ಆ ನಿಯಮಗಳನ್ನು ರದ್ದು ಮಾಡಿತು. ಪಾಲಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಜಾಗ ಮತ್ತು ಕಟ್ಟಡ ಇಂದು ಹೇಗಿದೆಯೋ ಅದಕ್ಕೆ ಬೆಲೆ ಕಟ್ಟಬೇಕು, ಮುಂದೆ ಆಗಬಹುದಾದದ್ದಕ್ಕೆ ಕಟ್ಟುವಂತಿಲ್ಲ. ನಿಯಮಗಳೂ ಮುಂದಕ್ಕೆ ಅನ್ವಯಿಸಬೇಕೇ ಹೊರತು ಹಿಂದಕ್ಕೆ ಅಲ್ಲ.

ಬಂಡವಾಳ ಮೌಲ್ಯ ಪದ್ಧತಿಯೇ ರದ್ದಾಯಿತು ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಪದ್ಧತಿ ಉಳಿದಿದೆ. ಆ ಮೂರು ನಿಯಮಗಳು ಬಿದ್ದಿವೆ.

ಬಿಲ್ಲಿನಲ್ಲಿ ಇಷ್ಟೊಂದು ಸಾಲು ಯಾಕೆ?

ಪ್ರಾಪರ್ಟಿ ಟ್ಯಾಕ್ಸ್ ಎನ್ನುವುದು ಹಲವು ತೆರಿಗೆಗಳ ಕಟ್ಟು. ಸರ್ವಸಾಧಾರಣ ಕರ ಪಾಲಿಕೆಯ ಸಾಮಾನ್ಯ ಖರ್ಚಿಗೆ. ಜಲ ಕರ, ಜಲಲಾಭ ಕರ ನೀರಿಗೆ. ಮಲನಿಃಸಾರಣ ಕರ, ಮಲನಿಃಸಾರಣ ಲಾಭ ಕರ ಒಳಚರಂಡಿಗೆ. ಮನಪಾ ಶಿಕ್ಷಣ ಉಪಕರ ಪಾಲಿಕೆಯ ಶಾಲೆಗಳಿಗೆ. ರಾಜ್ಯ ಶಿಕ್ಷಣ ಉಪಕರ ರಾಜ್ಯಕ್ಕೆ ಹೋಗುತ್ತದೆ. ವೃಕ್ಷ ಉಪಕರ ಮರಗಳಿಗೆ, ಪಥ ಕರ ರಸ್ತೆಗೆ. ರೋಜಗಾರ ಹಮಿ (ಉದ್ಯೋಗ ಖಾತರಿ) ಉಪಕರ ಎನ್ನುವುದು ವಾಸದ ಮನೆಗೆ ಬರುವುದಿಲ್ಲ. ಅಂಗಡಿ, ಆಫೀಸು, ಹೋಟೆಲುಗಳಿಗೆ ಬರುತ್ತದೆ. ನಿಮ್ಮ ವಾಸದ ಮನೆಯ ಬಿಲ್ಲಿನಲ್ಲಿ ಈ ಸಾಲಿನೆದುರು ಮೊತ್ತ ಇದ್ದರೆ ದಾಖಲೆಯಲ್ಲಿ ಬಳಕೆ ತಪ್ಪಾಗಿದೆ ಎಂದೇ ಅರ್ಥ.

ನಿಮ್ಮ ಕಟ್ಟಡಕ್ಕೆ ನೀರಿನ ಮೀಟರ್ ಇದ್ದರೆ ನೀರಿನ ಹಣ ಬೇರೆ ಬಿಲ್ಲಿನಲ್ಲಿ ಬರುತ್ತದೆ. ಆಗ ಇಲ್ಲಿ ಜಲ ಕರವನ್ನೂ ಹಾಕಿದ್ದಾರಾ ನೋಡಿ. ಒಂದೇ ನೀರಿಗೆ ಎರಡು ಕಡೆ ಹಣ ಕಟ್ಟಬೇಕಿಲ್ಲ.

ಬಿಲ್ಲು ಆರು ತಿಂಗಳಿಗೊಮ್ಮೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು.

ನಮಗೆ ಪಾಲಿಕೆಯ ಬಿಲ್ಲೇ ಬರುವುದಿಲ್ಲ, ಸೊಸೈಟಿಗೆ ಕಟ್ಟುತ್ತೇವೆ. ಹೇಗೆ ನೋಡುವುದು?

ಮುಂಬಯಿಯಲ್ಲಿ ಹೆಚ್ಚಿನ ಸೊಸೈಟಿಗಳಿಗೆ ಪೂರ್ತಿ ಕಟ್ಟಡದ ಬಿಲ್ಲು ಒಟ್ಟಿಗೆ ಬರುತ್ತದೆ. ಸೊಸೈಟಿ ಅದನ್ನು ಮೇಂಟೆನೆನ್ಸ್ ಜೊತೆ ವಸೂಲಿ ಮಾಡುತ್ತದೆ. ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ಖಾತೆ ಸಂಖ್ಯೆ ಇರುತ್ತದೆ. ಅದನ್ನು ಪಾಲಿಕೆಯ ಜಾಲತಾಣದಲ್ಲಿ ಹಾಕಿದರೆ ಬಿಲ್ಲು, ಬಾಕಿ ಕಾಣುತ್ತದೆ. ಯಾವ ಫ್ಲ್ಯಾಟಿಗೆ ಎಷ್ಟು ಏರಿಯಾ, ಎಷ್ಟು ಮೌಲ್ಯ ಎನ್ನುವ ವಿವರವನ್ನು ಸೆಕ್ರೆಟರಿಯಿಂದ ಕೇಳಿ ಪಡೆಯಿರಿ. ಇದು ನಿಮ್ಮ ಹಕ್ಕು, ಕೇಳಲು ಮುಜುಗರ ಬೇಡ.

ಕೆಲವು ಸೊಸೈಟಿಗಳು ಒಟ್ಟು ತೆರಿಗೆಯನ್ನು ಮನೆಗಳ ಸಂಖ್ಯೆಯಿಂದ ಸಮನಾಗಿ ಭಾಗಿಸಿಬಿಡುತ್ತವೆ. ಅದು ತಪ್ಪು. ಪಾಲಿಕೆ ಪ್ರತಿ ಮನೆಗೆ ಎಷ್ಟು ಹಾಕಿದೆಯೋ ಅಷ್ಟನ್ನೇ ಆ ಮನೆಯಿಂದ ತೆಗೆದುಕೊಳ್ಳಬೇಕು. 450 ಅಡಿಯ ಮನೆಯೂ 700 ಅಡಿಯ ಮನೆಯೂ ಇರುವ ಕಟ್ಟಡದಲ್ಲಿ ಸಮಭಾಗ ಮಾಡಿದರೆ, ತೆರಿಗೆಯೇ ಇಲ್ಲದ ಮನೆಯವರು ಪಕ್ಕದವರ ತೆರಿಗೆ ಹೊರುತ್ತಾರೆ.

ಫ್ಲ್ಯಾಟ್ ಬಾಡಿಗೆಗೆ ಕೊಟ್ಟರೆ ತೆರಿಗೆ ಜಾಸ್ತಿಯಾಗುತ್ತಾ?

ಮುಂಬಯಿ ಪಾಲಿಕೆಯ ಈಗಿನ ಲೆಕ್ಕದಲ್ಲಿ ಬಾಡಿಗೆ ಎಷ್ಟು ಬರುತ್ತದೆ ಎನ್ನುವುದು ಎಲ್ಲೂ ಸೇರುವುದಿಲ್ಲ. ವಾಸಕ್ಕೇ ಕೊಟ್ಟಿದ್ದರೆ ವ್ಯತ್ಯಾಸ ಇಲ್ಲ. ಆಫೀಸಿಗೆ ಕೊಟ್ಟರೆ ಬಳಕೆ ಬದಲಾಗುತ್ತದೆ, ತೆರಿಗೆ ಏರುತ್ತದೆ. ಪಾಲಿಕೆಗೆ ಉತ್ತರ ಕೊಡಬೇಕಾದವರು ಮಾಲೀಕರೇ. ಬಾಡಿಗೆದಾರರಿಂದ ಪಡೆಯುವುದು ನಿಮ್ಮ ನಿಮ್ಮ ಅಗ್ರಿಮೆಂಟಿನ ಮಾತು. ಬಾಡಿಗೆ ಆದಾಯ ತೋರಿಸುವಾಗ ಆ ವರ್ಷ ನೀವೇ ಕಟ್ಟಿದ ಪ್ರಾಪರ್ಟಿ ಟ್ಯಾಕ್ಸನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ರಸೀದಿ ಇಟ್ಟುಕೊಳ್ಳಿ.

ನಾವು ಚಾಳಿನಲ್ಲಿ ಪಗಡಿ ಮನೆಯಲ್ಲಿದ್ದೇವೆ. ನಮಗೂ ಇದು ಸಂಬಂಧಿಸಿದ್ದಾ?

ಪಗಡಿ ಅಂದರೆ ಮೊದಲಿಗೆ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಇರುವ ಹಳೆಯ ರೂಢಿ. ಅದರಲ್ಲಿ ಮಾಲೀಕರು ಬೇರೆ, ನೀವು ಬಾಡಿಗೆದಾರರು. ಪಾಲಿಕೆಯ ಬಿಲ್ಲು ಮಾಲೀಕರ ಹೆಸರಿಗೆ ಹೋಗುತ್ತದೆ. ಬಾಡಿಗೆ ರಸೀದಿಯಲ್ಲಿ ತೆರಿಗೆಯೆಂದು ಬೇರೆ ಸಾಲು ಹಾಕಿದ್ದರೆ ಪಾಲಿಕೆಯ ಬಿಲ್ಲಿನ ಪ್ರತಿ ತೋರಿಸಿ ಎಂದು ಕೇಳಿ. 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ವರ್ಷಕ್ಕೆ ಶೇ 4ರಷ್ಟು ಏರಿಸಲು ಅವಕಾಶ ಕೊಡುತ್ತದೆ, ಅದು ಬೇರೆ ಮಾತು.

ದಕ್ಷಿಣ ಮುಂಬಯಿಯಿಂದ ಮಾಹಿಮ್, ಸಾಯನ್‌ವರೆಗಿನ ಹಳೆಯ ಕಟ್ಟಡಗಳಿಗೆ ರಿಪೇರಿ ಸೆಸ್ ಎಂದು ಇನ್ನೊಂದು ಇದೆ. 1969ರ ಸೆಪ್ಟೆಂಬರ್ 30ರೊಳಗೆ ಕಟ್ಟಿದ ಬಾಡಿಗೆ ಕಟ್ಟಡಗಳನ್ನು ಎ, ಬಿ, ಸಿ ಎಂದು ವಯಸ್ಸಿನ ಪ್ರಕಾರ ಹಂಚಿದ್ದಾರೆ. ಆ ಹಣ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ರಿಪೇರಿ ಮಂಡಳಿಗೆ ಹೋಗುತ್ತದೆ. ಪರೇಲ್, ಲಾಲ್‌ಬಾಗ್, ಗಿರ್‌ಗಾಂವ್ ಚಾಳುಗಳಲ್ಲಿರುವವರು ಸೆಸ್ ಕಟ್ಟಿದ ದಾಖಲೆ ಜೋಪಾನ ಮಾಡಬೇಕು. ಪುನರ್ನಿರ್ಮಾಣದ ಮಾತು ಬಂದಾಗ ಕಟ್ಟಡ ಸೆಸ್ ಕಟ್ಟಡವೇ ಅನ್ನುವುದು ತುಂಬಾ ಮುಖ್ಯವಾಗುತ್ತದೆ.

ಅಪ್ಪ ತೀರಿಕೊಂಡರು. ಬಿಲ್ಲು ಇನ್ನೂ ಅವರ ಹೆಸರಲ್ಲೇ ಬರುತ್ತಿದೆ. ತೊಂದರೆ ಇದೆಯಾ?

ಇದೆ, ಮತ್ತು ಮುಂದಕ್ಕೆ ಹಾಕಿದಷ್ಟೂ ಬೆಳೆಯುತ್ತದೆ. ಮನೆ ಕೊಂಡರೆ ಮೂರು ತಿಂಗಳೊಳಗೆ, ಮಾಲೀಕರು ತೀರಿಕೊಂಡರೆ ಒಂದು ವರ್ಷದೊಳಗೆ ಪಾಲಿಕೆಗೆ ತಿಳಿಸಬೇಕು ಎಂದು ಕಾಯ್ದೆಯಲ್ಲಿದೆ. ಮಾರಿದವರು ತಿಳಿಸದಿದ್ದರೆ ತೆರಿಗೆಯ ಹೊಣೆ ಅವರ ಹೆಸರಲ್ಲೇ ಉಳಿಯುತ್ತದೆ. ಮರಣ ಪ್ರಮಾಣಪತ್ರ, ವಿಲ್ ಅಥವಾ ವಾರಸುದಾರರ ದಾಖಲೆ, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಕಟ್ಟಿದ ಕೊನೆಯ ಬಿಲ್ಲು ಇಟ್ಟು ಅರ್ಜಿ ಕೊಡಿ. ಮಕ್ಕಳಲ್ಲಿ ಒಬ್ಬರು ಮಂಗಳೂರಿನಲ್ಲಿ, ಒಬ್ಬರು ದುಬೈಯಲ್ಲಿ ಇದ್ದರೆ ಸಹಿ ಸಂಗ್ರಹಿಸಲು ಸಮಯ ಹಿಡಿಯುತ್ತದೆ. ವರ್ಷಾಂತಿಕದವರೆಗೆ ಕಾಯದೆ ಮೊದಲೇ ಶುರು ಮಾಡುವುದು ಒಳ್ಳೆಯದು.

ಬಿಲ್ಲು ತಪ್ಪು ಅನ್ನಿಸಿದರೆ ಯಾರನ್ನು ಕೇಳಬೇಕು?

ಪಾಲಿಕೆ ಹೊಸದಾಗಿ ಮೌಲ್ಯ ಹಾಕಿದಾಗ ಅಥವಾ ಏರಿಸಿದಾಗ ವಿಶೇಷ ನೋಟಿಸ್ ಕಳಿಸುತ್ತದೆ. ಅದರಲ್ಲೇ ಆಕ್ಷೇಪಣೆಗೆ ಕೊನೆಯ ದಿನ ಬರೆದಿರುತ್ತದೆ. ಆ ದಿನ ದಾಟಬೇಡಿ. ಒಳ್ಳೆಯ ತಕರಾರು ಎಷ್ಟೋ ಸಲ ತಡವಾಗಿ ಕೊಟ್ಟ ಕಾರಣಕ್ಕೇ ಬಿದ್ದುಹೋಗುತ್ತದೆ. ನೋಟಿಸ್ ಸೊಸೈಟಿಯ ಆಫೀಸಿನಲ್ಲಿ ಮೇಜಿನ ಮೇಲೆ ಬಿದ್ದಿರುತ್ತದೆ, ಯಾರೂ ತೆರೆದಿರುವುದಿಲ್ಲ. ಕಮಿಟಿಯವರು ದಯವಿಟ್ಟು ಇದನ್ನು ನೋಟಿಸ್ ಬೋರ್ಡಿಗೆ ಹಾಕಲಿ.

ಆಕ್ಷೇಪಣೆ ಬರೆಯುವಾಗ 'ತೆರಿಗೆ ಜಾಸ್ತಿಯಾಗಿದೆ, ಕಡಿಮೆ ಮಾಡಿ' ಎಂದರೆ ಪ್ರಯೋಜನವಿಲ್ಲ. 'ಏರಿಯಾ 68 ಎಂದಿದೆ, ಮಂಜೂರಾದ ಪ್ಲಾನಿನ ಪ್ರಕಾರ 60, ಪ್ರತಿ ಲಗತ್ತಿಸಿದೆ' ಎಂದು ಒಂದೊಂದೇ ಅಂಕಿ ಹಿಡಿದು ಬರೆಯಿರಿ. ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಠಸ್ಸೆ ಹಾಕಿಸಿಕೊಳ್ಳಿ. ವಿಚಾರಣೆಗೆ ಕರೆದರೆ ತಪ್ಪದೆ ಹೋಗಿ. ಅಲ್ಲೂ ನ್ಯಾಯ ಸಿಗದಿದ್ದರೆ ಧೋಬಿ ತಲಾವ್‌ನಲ್ಲಿರುವ ಸ್ಮಾಲ್ ಕಾಸಸ್ ಕೋರ್ಟಿಗೆ ಮೇಲ್ಮನವಿ ಇದೆ. ಅಲ್ಲಿಗೆ ಹೋಗುವ ಮೊದಲು ಪಾಲಿಕೆಯಲ್ಲಿ ಆಕ್ಷೇಪಣೆ ಕೊಟ್ಟಿರಬೇಕು, ತಕರಾರಿನ ತೆರಿಗೆಯನ್ನೂ ಕಟ್ಟಿರಬೇಕು. ಅದಕ್ಕೂ ಗಡುವು ಬಹಳ ಚಿಕ್ಕದು, ಆದೇಶ ಕೈಗೆ ಬಂದ ಕೂಡಲೇ ವಕೀಲರನ್ನು ನೋಡಿ.

ತಕರಾರು ಮುಗಿಯುವವರೆಗೆ ಕಟ್ಟದೆ ಇದ್ದರೆ?

ಗಡುವು ದಾಟಿದರೆ ತಿಂಗಳಿಗೆ ಶೇ 2 ದಂಡ. ವರ್ಷಕ್ಕೆ ಶೇ 24 ಆಯಿತು, ಯಾವ ಮನೆ ಸಾಲಕ್ಕಿಂತಲೂ ದುಬಾರಿ. ಆಮೇಲೆ ಬೇಡಿಕೆ ನೋಟಿಸ್, ಜಪ್ತಿ, ಕೊನೆಗೆ ಹರಾಜಿನವರೆಗೂ ಪಾಲಿಕೆಗೆ ಅಧಿಕಾರ ಇದೆ. ಪ್ರತಿಭಟನೆಯೊಂದಿಗೆ ಕಟ್ಟುತ್ತಿದ್ದೇನೆ ಎಂದು ಪತ್ರ ಕೊಟ್ಟು ಹಣ ಕಟ್ಟಿ, ತಕರಾರು ಮುಂದುವರಿಸುವುದೇ ಜಾಣತನ.

ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬಯಿಯಲ್ಲೂ ಇದೇ ನಿಯಮವಾ? ಪುಣೆಯಲ್ಲಿ?

ಅಲ್ಲ. ನಮ್ಮವರು ಈ ಕಡೆ ತುಂಬಾ ಇರುವುದರಿಂದ ಗೊಂದಲವೂ ಜಾಸ್ತಿ. ಈ ಊರುಗಳ ಪಾಲಿಕೆಗಳು 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆಯ ಕೆಳಗೆ ಬರುತ್ತವೆ. ಅಲ್ಲಿ ಬಾಡಿಗೆ ಮೌಲ್ಯದ ಪದ್ಧತಿಯೇ ನಡೆಯುತ್ತಿದೆ. ಹಾಗಾಗಿ ಮನೆ ಬಾಡಿಗೆಗೆ ಕೊಟ್ಟಿರುವುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೇಳಿದ 2022ರ ಪೂರ್ತಿ ವಿನಾಯಿತಿ ಮುಂಬಯಿ ಪಾಲಿಕೆಯ ಮನೆಗಳಿಗೆ. ಮುಲುಂಡ್ ಚೆಕ್ ನಾಕಾ ದಾಟಿದರೆ ಊರೂ ಬೇರೆ, ನಿಯಮವೂ ಬೇರೆ.

ಪುಣೆಯಲ್ಲೂ ಬಾಡಿಗೆ ಮೌಲ್ಯವೇ. ಅಲ್ಲಿ ಸ್ವಂತ ಮನೆಯಲ್ಲಿ ತಾವೇ ವಾಸವಿರುವವರಿಗೆ ಶೇ 40 ರಿಯಾಯಿತಿ 1970ರಿಂದ ಇತ್ತು. ನಡುವೆ ತೆಗೆದುಹಾಕಿದ್ದರು, 2023ರಲ್ಲಿ ಮತ್ತೆ ಕೊಟ್ಟರು. ತಾವೇ ಇರುವುದನ್ನು ತೋರಿಸಲು ಪಿಟಿ-3 ಎನ್ನುವ ಅರ್ಜಿ ಕೊಡಬೇಕು. ಪುಣೆಯಲ್ಲಿ ಮನೆ ಕೊಂಡ ಮಗನಿಗೋ ಮಗಳಿಗೋ ಈ ಒಂದು ಮಾತು ಹೇಳಿ, ಸಾವಿರಾರು ರೂಪಾಯಿ ಉಳಿಯುತ್ತದೆ.

ಬೆಂಗಳೂರಿನಲ್ಲಿ ನಾವೇ ಲೆಕ್ಕ ಹಾಕಿ ಕಟ್ಟುತ್ತೇವೆ. ಇಲ್ಲಿ ಯಾಕೆ ಹಾಗಿಲ್ಲ?

ಬೆಂಗಳೂರಿನಲ್ಲಿ 2008ರಿಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ಇದೆ. ಮಾಲೀಕರೇ ವಲಯ, ಅಳತೆ, ಬಳಕೆ ತುಂಬಿ ಸ್ವಯಂ ಘೋಷಣೆ ಮಾಡುತ್ತಾರೆ. ಮುಂಬಯಿಯಲ್ಲಿ ಲೆಕ್ಕ ಪಾಲಿಕೆ ಹಾಕುತ್ತದೆ, ನೀವು ಪರಿಶೀಲಿಸಬೇಕು. ಅಲ್ಲಿ ತಪ್ಪು ಘೋಷಿಸಿದರೆ ಹೊಣೆ ನಿಮ್ಮದು. ಇಲ್ಲಿ ತಪ್ಪು ಅವರದ್ದಾದರೂ, ನೀವು ಬಾಯಿ ಬಿಡದಿದ್ದರೆ ಹಣ ಮಾತ್ರ ನಿಮ್ಮದೇ ಹೋಗುತ್ತದೆ.

ತೆರಿಗೆ ರಸೀದಿ ಇದ್ದರೆ ಮನೆ ನಮ್ಮದು ಎಂದಾಯಿತಾ?

ಇಲ್ಲ. ಅದು ಹಣ ಕಟ್ಟಿದ್ದಕ್ಕೆ ಸಾಕ್ಷಿ, ಮಾಲೀಕತ್ವಕ್ಕಲ್ಲ. ನೋಂದಣಿಯಾದ ಅಗ್ರಿಮೆಂಟ್ ಮತ್ತು ಶೇರ್ ಸರ್ಟಿಫಿಕೇಟ್ ಬೇಕೇ ಬೇಕು. ರಸೀದಿ ತೋರಿಸಿ ಮನೆ ಮಾರಲು ಬಂದವರನ್ನು ನಂಬಬೇಡಿ.

ನಮ್ಮ ಸಂಘಕ್ಕೆ, ದೇವಸ್ಥಾನಕ್ಕೆ ಸ್ವಂತ ಕಟ್ಟಡ ಇದೆ. ವಿನಾಯಿತಿ ಸಿಗುತ್ತದೆಯಾ?

ಮುಂಬಯಿಯಲ್ಲಿ ಕನ್ನಡ ಸಂಘಗಳು, ಶಾಲೆಗಳು, ಭಜನಾ ಮಂದಿರಗಳು ಪೈಸೆ ಪೈಸೆ ಕೂಡಿಸಿ ಕಟ್ಟಡ ಮಾಡಿಕೊಂಡಿವೆ. ಇದನ್ನು ಪದಾಧಿಕಾರಿಗಳು ಗಮನವಿಟ್ಟು ಓದಬೇಕು. ಸಾರ್ವಜನಿಕ ಪೂಜೆಗೆ ಅಥವಾ ಧರ್ಮಕಾರ್ಯಕ್ಕೆ ಮಾತ್ರ ಬಳಸುವ ಕಟ್ಟಡಕ್ಕೆ ಸರ್ವಸಾಧಾರಣ ಕರದಿಂದ ವಿನಾಯಿತಿ ಕಾಯ್ದೆಯಲ್ಲಿದೆ. ಉಳಿದ ಸಾಲುಗಳು ಹಾಗೇ ಇರುತ್ತವೆ. ಹಾಲ್ ಅನ್ನು ಮದುವೆಗೆ ಬಾಡಿಗೆಗೆ ಕೊಟ್ಟರೆ, ನೆಲಮಹಡಿಯನ್ನು ಬ್ಯಾಂಕಿಗೋ ಅಂಗಡಿಗೋ ಕೊಟ್ಟರೆ, ಆ ಭಾಗಕ್ಕೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಂದ ಬಾಡಿಗೆಯನ್ನು ಮಕ್ಕಳ ವಿದ್ಯಾರ್ಥಿವೇತನಕ್ಕೇ ಕೊಡುತ್ತೇವೆ ಎಂದರೂ ಅದು ವಾದಕ್ಕೆ ನಿಲ್ಲುವುದು ಕಷ್ಟ.

ಹಾಗೆಂದು ಪೂರ್ತಿ ಕಟ್ಟಡದ ವಿನಾಯಿತಿ ಬಿಟ್ಟುಕೊಡಬೇಕಿಲ್ಲ. ಗ್ರಂಥಾಲಯ ಎಷ್ಟು ಚದರ ಮೀಟರ್, ತರಗತಿ ಎಷ್ಟು, ಬಾಡಿಗೆಯ ಹಾಲ್ ಎಷ್ಟು ಎಂದು ಬೇರೆ ಬೇರೆ ಅಳೆಸಿ, ನಕ್ಷೆಯ ಮೇಲೆ ಗುರುತು ಮಾಡಿಸಿ. ಟ್ರಸ್ಟ್ ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ, ಚಟುವಟಿಕೆಗಳ ವರದಿ ಜೊತೆಗಿಟ್ಟು ಅರ್ಜಿ ಹಾಕಿ. ಪದಾಧಿಕಾರಿಗಳು ಬದಲಾಗುವಾಗ ಈ ಫೈಲನ್ನು ಹೊಸಬರ ಕೈಗೆ ಸಹಿ ಪಡೆದು ಕೊಡಿ.